ಕಮಾನಿನ ಮೇಲಿನ ಬಿಳಿ ಪುಡಿ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಶೀನುಗಳ ಹತ್ತಿರ ನಮ್ಮ ಮನೆ. ಬೆಳಗಾದರೆ ಡಬ್ಬಿ, ಕಿಟಕಿ, ಹೊಲಿಗೆ ಮಶೀನು, ಎಲ್ಲದರ ಮೇಲೂ ಕಲ್ಲಿನ ಬಿಳಿ ಧೂಳು ಕೂತಿರುತ್ತದೆ. ಒದ್ದೆ ಅರಿವೆಯಿಂದ ಒರೆಸದೆ ನಾನು ಒಲೆ ಹಚ್ಚುವುದಿಲ್ಲ. ಅಂದು ಮೇಲಿನ ಸಾಲಿನ ಡಬ್ಬಿಗಳನ್ನು ಒರೆಸುವಾಗ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಪೋಸ್ಟ್‌ಮನ್ ಹಾಜಿಮಲಂಗ್ ನಮ್ಮ ಓಣಿಯವನೇ. ಹಿಂದಿನ ದಿನ ಉಳಿದ ಟಪಾಲನ್ನು ಡ್ಯೂಟಿಗೆ ಹೋಗುವಾಗ ಕೊಟ್ಟು ಹೋಗುತ್ತಾನೆ.

"ಅಕ್ಕೋರ, ನಿಮ್ಮ ಸುಶ್ಮಿತಾನ ಪಿಟೀಲಿನ ಬುಕ್ಕ ಬಂದದ ನೋಡ್ರಿ. ಈ ಸಲ ಆಕೀ ಹೆಸರೂ ಛಾಪಿಸ್ಯಾರ."

"ನೀ ಒಡದು ಓದೀದೇನೋ?"

"ಕವರೇ ಹರಿದಿತ್ರಿ. ಕಣ್ಣು ಮುಚ್ಚಿಕೊಂಡು ಟಪಾಲ್ ಹಂಚಲಿಕ್ಕೆ ಬರ್ತದೇನ್ರಿ?"

ಅದು ತಂತಿವಾದ್ಯ ನುಡಿಸುವವರಿಗೆಂದೇ ಮೂರು ತಿಂಗಳಿಗೊಮ್ಮೆ ಬರುವ ತೆಳುವಾದ ಪತ್ರಿಕೆ. ಪಕ್ಕದ ವಾಡಿ ಊರಲ್ಲಿ ಪಿಟೀಲು ಕಲಿಸುವ ಅಂಬರಾಯ ಮಾಸ್ತರರು ನನ್ನ ಮಗಳಿಗೆ ತಮ್ಮ ಹಳೆಯ ಪಿಟೀಲು ಕೊಟ್ಟು, ಪತ್ರಿಕೆಗೂ ಚಂದಾ ಕಟ್ಟಿದ್ದರು. ದಸರೆಯ ಹೊತ್ತಿಗೆ ಮೊಣಕಾಲಿನ ಆಪರೇಶನ್‌ಗೆಂದು ಹೈದರಾಬಾದಿಗೆ ಹೋದವರು ಇನ್ನೂ ಬಂದಿಲ್ಲ. ಹಿಂದಿನ ಸಂಚಿಕೆಯಲ್ಲಿ 'ಓದುಗರೇ, ನಿಮಗೆ ಈ ಪತ್ರಿಕೆಯಿಂದ ಏನು ಬೇಕು?' ಎಂದು ಕೇಳಿದ್ದರು. ಸುಶ್ಮಿತಾ ಏನೋ ಬರೆದು ಕಳಿಸಿದ್ದಳು, ನನಗೆ ತೋರಿಸಿರಲಿಲ್ಲ.

ಅರಿವೆ ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತು ಓದುಗರ ಪತ್ರಗಳ ಪುಟ ತೆರೆದೆ. ಚಂದಾಪುರದ ಒಬ್ಬರಿಗೆ ಸಿತಾರಿನ ತಂತಿ ಎಲ್ಲಿ ಸಿಗುತ್ತದೆ ಎಂಬ ವಿಳಾಸ ಬೇಕಂತೆ. ಸೇಡಂನ ಒಬ್ಬರು ದೊಡ್ಡವರ ಫೋಟೊ ಸಾಕು, ಸ್ವರಲಿಪಿ ಹೆಚ್ಚು ಹಾಕಿರಿ ಎಂದಿದ್ದರು. ಕೊನೆಯಲ್ಲಿ ನನ್ನ ಮಗಳ ಪತ್ರ:

'ನನಗೆ ಹದಿಮೂರು ವರ್ಷ. ಎರಡು ವರ್ಷ ಚೆನ್ನಾಗಿ ಬರುತ್ತಿದ್ದ ಪಿಟೀಲಿನ ಧ್ವನಿ ಒಂದೇ ದಿನದಲ್ಲಿ ಹೋಯಿತು. ಕೈ ಅದೇ ಇದೆ. ಇಲ್ಲಿ ಕೇಳಲು ಯಾರೂ ಇಲ್ಲ. ಇಂಥದ್ದರ ಬಗ್ಗೆ ಬರೆಯಿರಿ.'

ಕೆಳಗೆ ಸಂಪಾದಕರ ಉತ್ತರ: 'ಮೊದಲು ನುಡಿಸುವ ಕಮಾನಿನ ಕೂದಲು ನೋಡು, ಮಗೂ. ಯಾರಾದರೂ ನೀರು, ಎಣ್ಣೆ ತಾಗಿಸಿದರೇ? ಅದರ ಮೇಲಿನ ಬಿಳಿ ಪುಡಿ ಧೂಳಲ್ಲ, ನೀನು ತಿಕ್ಕುವ ರಾಳದ್ದು. ಆ ಪುಡಿಯೇ ತಂತಿಯನ್ನು ಹಿಡಿಯುವುದು. ಎಣ್ಣೆ ಹತ್ತಿದ್ದರೆ ಕೂದಲು ಬದಲಿಸಬೇಕು. ನಿನ್ನ ಕೈಗೆ ಏನೂ ಆಗಿಲ್ಲ.'

ನನ್ನ ಕಿವಿ ಬಿಸಿಯಾದವು.

ದಸರೆಯ ಖಂಡೆ ಪೂಜೆಯ ದಿನ ನಮ್ಮಲ್ಲಿ ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವೆ. ಗಂಡನ ಉಳಿ, ಸುತ್ತಿಗೆ ಆದ ಮೇಲೆ ಪಿಟೀಲನ್ನೂ ತೆಗೆದಿದ್ದೆ. ಕಮಾನಿನ ಕೂದಲ ತುಂಬ ಬಿಳಿ ಪುಡಿ. ಫರ್ಸಿ ಧೂಳು ಇಲ್ಲೂ ಬಿಟ್ಟಿಲ್ಲವಲ್ಲ ಎಂದು ಒದ್ದೆ ಅರಿವೆಯಿಂದ ಒರೆಸಿದೆ. ಮಗಳು ಅದಕ್ಕೆ ಜೇನಿನ ಬಣ್ಣದ ತುಂಡೊಂದನ್ನು ತಿಕ್ಕುವುದನ್ನು ನೋಡಿದ್ದೆ. ಅಂಥ ತುಂಡಿನಿಂದ ಬಿಳಿ ಪುಡಿ ಬರುತ್ತದೆಂದು ನನಗೆ ಹೊಳೆಯಲಿಲ್ಲ. ಒರೆಸಿದ ಮೇಲೆ ಕೂದಲು ಒರಟೊರಟಾಗಿ ಕಂಡಿತು. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಕುಂಕುಮ ಹಚ್ಚಿ, ಕೈಮುಗಿದೆ.

ಮರುದಿನದಿಂದ ಪಿಟೀಲು ಬರೀ ಉಸಿರಾಡಿತು. ಫೋನಿನಲ್ಲಿ ಕೇಳಿದರೆ ಮಾಸ್ತರರು "ರಿಯಾಜ್ ಮಾಡವ್ವಾ" ಅಂದರು. ಮಾಡಿದಳು. ಒತ್ತಿ ಒತ್ತಿ ಮಣಿಕಟ್ಟು ಬಾತುಹೋಯಿತು. ಬಾಮ್ ಹಚ್ಚುತ್ತ ಒಂದು ಸಂಜೆ ನಾನು ಅಂದೆ, "ಕೈಗೆ ಹತ್ತಲಿಲ್ಲಂದ್ರ ಬಿಡವ್ವ. ಎಲ್ಲರಿಗೂ ಎಲ್ಲಾ ಬರಂಗಿಲ್ಲ." ಆ ಸಂಜೆಯಿಂದ ಅವಳು ಪೆಟ್ಟಿಗೆ ತೆರೆದಿಲ್ಲ. ಇವತ್ತು ಶಾಲೆ ಬಿಟ್ಟ ಮೇಲೆ ವಾಡಿಗೆ ಹೋಗಿ ಮಾಸ್ತರರ ಮನೆಯವರಿಗೆ ಪಿಟೀಲು ಒಪ್ಪಿಸಿ ಬರುವುದೆಂದು ತಾನೇ ನಿಶ್ಚಯಿಸಿದ್ದಳು.

ಪತ್ರಿಕೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದೆ. ಹೌದು, ಸರಿಸಿದೆ. ಪಿಟೀಲು ಹೋಗಿಬಿಟ್ಟರೆ ಯಾರೂ ಕೇಳುವುದಿಲ್ಲ ಎಂಬ ಯೋಚನೆ ನನಗೆ ಬಂದಿತ್ತು.

"ಯವ್ವ, ಹೆರಳು ಹಾಕು. ಲಗೂ." ಸುಶ್ಮಿತಾ ಬಂದು ಬೆನ್ನು ತಿರುಗಿಸಿ ಕುಳಿತಳು. ಪಿಟೀಲಿನ ಪೆಟ್ಟಿಗೆ ಆಗಲೇ ಬಾಗಿಲ ಬಳಿ ಇತ್ತು. ಅಂಗೈಗೆ ಎಣ್ಣೆ ಸುರಿದುಕೊಂಡೆ. ಅವಳ ತಲೆಗೆ ಹಚ್ಚಲು ಕೈ ಏಳಲಿಲ್ಲ.

"ಏನ್ ಮಾಡಾಕತ್ತೀದಿ? ಬಸ್ ಹೋಗ್ತದ."

"ಅದನ್ನ ಒಯ್ಯಬ್ಯಾಡ," ಎಂದೆ. "ನಿನ್ನ ಕೈದು ತಪ್ಪಿಲ್ಲವ್ವ. ನಂದು."

ಡಬ್ಬಿಯ ಹಿಂದಿನಿಂದ ಪತ್ರಿಕೆ ತೆಗೆದು ಕೊಟ್ಟೆ. ಬಿಚ್ಚಿದ ಕೂದಲಲ್ಲೇ ನಿಂತು ಓದಿದಳು. ನಾನು ಒರೆಸಿದ್ದು, ಎಣ್ಣೆ ಸವರಿದ್ದು, ಈಗ ಪತ್ರಿಕೆ ಮುಚ್ಚಿಟ್ಟಿದ್ದು, ಎಲ್ಲ ಹೇಳಿದೆ. ಅವಳು ಪೆಟ್ಟಿಗೆ ತೆರೆದು ಕಮಾನನ್ನು ಮೂಗಿಗೆ ಹಿಡಿದಳು.

"ಅಯ್ಯ ಯವ್ವಾ! ಎಣ್ಣಿ ಹಚ್ಚಿ ಇದಕ್ಕ ಹೆರಳೂ ಹಾಕಲಿಲ್ಲಲ್ಲ, ಪುಣ್ಯ."

ನನಗೆ ನಗು ಬಂತು, ಕಣ್ಣೀರೂ ಬಂತು. ಕಲಬುರಗಿಗೆ ಹೋಗಿ ಕೂದಲು ಬದಲಿಸಿಕೊಂಡು ಬರೋಣ, ಈ ಭಾನುವಾರವೇ, ಎಂದೆ. ಮಾಸ್ತರರಿಗೂ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆ. ಅವಳು ತಲೆಯಾಡಿಸಿದಳು. ಆದರೆ ನನ್ನ ಜೊತೆ ನಗುತ್ತಿರಲಿಲ್ಲ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ನಿಂತಳು. ಬಸ್ಸಿನ ಹಾರ್ನ್ ಕೇಳಿದರೂ ಕದಲಲಿಲ್ಲ.

"ಎಣ್ಣೀದು ಹೋಗ್ಲಿ, ಯವ್ವ," ಎಂದಳು. "ಎಲ್ಲರಿಗೂ ಎಲ್ಲಾ ಬರಂಗಿಲ್ಲ ಅಂದಿದ್ಯಲ್ಲ ಆವತ್ತು... ನನಗ ಬರಂಗಿಲ್ಲಂತ ನಿನಗ ಖರೇನೇ ಅನಿಸಿತ್ತೇನು?"