ಕಮಲಿಗೆ ತಪ್ಪಿದ ಹೊಳೆದಾರಿ

ಹೊಳೆಯೊಳಗೆ ದಾರಿ ಇದೆ ಎಂದರೆ ಪೇಟೆಯವರು ನಗುತ್ತಾರೆ. ನಗಲಿ ಬಿಡಿ. ಹಿರೇಗುತ್ತಿಯ ಕಡೆ ಕಡಲಿನ ಇಳಿತದ ಹೊತ್ತಿಗೆ ಅಘನಾಶಿನಿ ಹೊಳೆಯ ನೀರು ಇಳಿದಾಗ, ಬಳಚು ಎಂಬ ತಿನ್ನುವ ಚಿಪ್ಪುಮೀನನ್ನು ಆರಿಸಲು ಮರಳದಿಬ್ಬಕ್ಕೆ ಹೋಗುವ ಹೆಂಗಸರಿಗೆ ಅದು ಗೊತ್ತು. ಮೊಣಕಾಲುದ್ದ ನೀರಿನಡಿ ಗಟ್ಟಿ ನೆಲದ ಒಂದು ಪಟ್ಟಿ. ಎರಡೂ ಬದಿಗೆ ಆಳದ ಹೂಳು. ಆ ಪಟ್ಟಿಯ ತಿರುವುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡವಳು ಕಮಲಿ. ಅವಳು ಮುಂದೆ, ಉಳಿದವರು ಹಿಂದೆ. ಆ ಮುಂದಿನ ಜಾಗ ಅವಳಿಗೆ ಮೈಮೇಲಿನ ಬಂಗಾರಕ್ಕಿಂತ ಹೆಚ್ಚು.

ಕಮಲಿಗೆ ಜಂಬ ಇತ್ತು, ಇರಬೇಕಾದದ್ದೇ. ಗಂಡ ಸುಬ್ಬ ವರ್ಷಗಟ್ಟಲೆ ಕುಡಿದು ಬಂದು ರಂಪ ಮಾಡಿದರೂ ಮಕ್ಕಳಿಬ್ಬರನ್ನು ಓದಿಸಿ ದಡ ಮುಟ್ಟಿಸಿದವಳು. "ನಂಗೆ ಯಾರ ಹೆದ್ರಿಕೆಯೂ ಇಲ್ಲ" ಎನ್ನುವುದು ಅವಳ ಬಾಯಿಪಾಠ. ಸಂಜೆ ಗಂಡ ಬೇಲಿಬಾಗಿಲ ದಣಪೆ ಸರಿಸಿದ ಸದ್ದಾದರೆ ಸಾಕು, ಎದೆ ಧಸಕ್ಕೆನ್ನುತ್ತಿದ್ದುದು ಅವಳೊಬ್ಬಳಿಗೇ ಗೊತ್ತು.

ಆಮೇಲೆ ಸುಬ್ಬ ಕುಡಿತ ಬಿಟ್ಟ. ಮನೆ ತಣ್ಣಗಾಯಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ, ಎರಡು ಸಾವಿರದ ಮೂರನೆಯ ಇಸವಿಯ ಒಂದು ಮಧ್ಯಾಹ್ನ, ದಿಬ್ಬದಿಂದ ಮರಳುತ್ತ ಕಮಲಿ ದಾರಿ ತಪ್ಪಿದಳು. ಅವಳು ಹೇಗೋ ಕಾಲು ಕಿತ್ತುಕೊಂಡಳು; ಬೆನ್ನ ಹಿಂದೆಯೇ ಇದ್ದ ಓರಗಿತ್ತಿ ಬಂಗಾರಿ ಸೊಂಟದವರೆಗೆ ಹೂಳಿನಲ್ಲಿ ಹುಗಿದಳು. ನೀರು ಏರುತ್ತಿತ್ತು. ಎಲ್ಲರೂ ಸೇರಿ ಎಳೆದು ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು.

ಊರ ಬಾಯಿಗೆ ಹಬ್ಬ. ಚೌಡಿಯ ಕಾಟ ಎಂದರು. ಕಾಯಿ ಒಡೆಸಿದ್ದೂ ಆಯಿತು. ಮಂಡೆ ಸಮ ಇಲ್ಲ ಎಂದೂ ಅಂದರು. ಕಮಲಿ ಹೊಳೆ ಬಿಟ್ಟು ಮನೆ ಹಿಡಿದಳು. ಕಡೆಗೆ ಹೂಳಿನಲ್ಲಿ ಹುಗಿದಿದ್ದ ಬಂಗಾರಿಯೇ ಅವಳನ್ನು ಕುಮಟೆಯ ಬಸ್ಸು ಹತ್ತಿಸಿದಳು.

ಡಾಕ್ಟರು ಮಾಲಿನಿ ಚಿಕ್ಕ ವಯಸ್ಸಿನವರು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. "ನಿದ್ದೆ ಬರ್ತದಾ?" ಎಂದು ಕೇಳಿದರು.

"ಸಣ್ಣ ಸದ್ದಾದ್ರೂ ಎಚ್ಚರ ಆಗ್ತದೆ," ಎಂದಳು ಕಮಲಿ.

ಯಾಕೆ ಎಂದದ್ದಕ್ಕೆ ಅವಳು ಬಾಯಿ ಬಿಡಲಿಲ್ಲ. ಬಂಗಾರಿ ಬಿಟ್ಟಳು; ಸುಬ್ಬನ ಪುರಾಣವನ್ನೆಲ್ಲ ಹೇಳಿಯೇ ನಿಲ್ಲಿಸಿದಳು.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮಿದುಳಲ್ಲಿ ಅಪಾಯ ಬರ್ತದಾ ಅಂತ ಕಾಯುವ ಒಂದು ಜಾಗ ಇದೆ. ವರ್ಷಾನುಗಟ್ಟಲೆ ಕಾದೂ ಕಾದೂ ಅದು ಬೆಳೆದುಬಿಡ್ತದೆ, ಅಪಾಯ ಹೋದ ಮೇಲೂ ಬೇಗ ಇಳಿಯೂದಿಲ್ಲ. ದಾರಿ, ಗುರುತು ನೆನಪಿಡುವುದು ಬೇರೆ ಜಾಗ. ಅಲ್ಲಿನ ನರದ ಎಳೆಗಳು ಸೊರಗ್ತವೆ, ಒಂದಕ್ಕೊಂದು ಕೊಂಡಿ ಕಳಚ್ತದೆ. ನಿಮಗೂ ಹಾಗೇ ಆಗಿರಬೇಕು. ಹುಚ್ಚಲ್ಲ ಇದು. ನಿದ್ದೆ, ನಡಿಗೆ, ಜನರ ಒಡನಾಟ ಇದ್ದರೆ ಎಳೆಗಳು ಮತ್ತೆ ಚಿಗುರಬಹುದು."

"ನಂಗೆ ಹೆದ್ರಿಕೆನೇ ಇರ್ಲಿಲ್ಲ," ಎಂದಳು ಕಮಲಿ.

"ಹಾಗನ್ನೋದು ಬಾಯಿ, ಅಮ್ಮಾ. ಬಾಯಿ ಹೇಳಿದ್ದನ್ನ ಮಿದುಳು ನಂಬೂದಿಲ್ಲ."

ಆ ಮಾತು ಚುಚ್ಚಿತು. ಬಸ್ಸಿನಲ್ಲಿ ಮಿರ್ಜಾನ ದಾಟುವವರೆಗೂ ಅವಳು ಮುಖ ಕಿಟಕಿಯ ಕಡೆಗೇ ಇಟ್ಟಿದ್ದಳು. ಇಷ್ಟು ವರ್ಷ ಊರಿಗೆ ಹೇಳಿದ ಸುಳ್ಳನ್ನು ತನ್ನ ತಲೆಯೇ ನಂಬಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮಳೆಗಾಲ ಕಳೆಯಿತು. ಕಮಲಿ ಹಗಲೂ ಮಲಗಿ ನಿದ್ದೆ ಮಾಡಿದಳು. ನೀರು ಇಳಿದಾಗಲೆಲ್ಲ ಬಂಗಾರಿಯ ಕೈ ಹಿಡಿದು ಹೊಳೆಯಲ್ಲಿ ತಿರುಗಿದಳು. ಒಂದು ದಿನ ಹೆಂಗಸರೆಲ್ಲ ದಡದಲ್ಲಿ ನಿಂತು, "ಮುಂದೆ ನಡೆ ಅಕ್ಕ, ಹೊತ್ತಾತು," ಎಂದರು.

ಅರ್ಧ ದಾರಿ ಸಲೀಸು. ನಡುನೀರಿನಲ್ಲಿ ತಲೆ ಖಾಲಿಯಾಯಿತು. ಹಳೆಯ ಕಮಲಿಯಾಗಿದ್ದರೆ ಸುಮ್ಮನೆ ಕಾಲಿಟ್ಟುಬಿಡುತ್ತಿದ್ದಳು. ಕಳೆದ ಸಲ ಮಾಡಿದ್ದೂ ಅದನ್ನೇ. ಈಗ ನಿಂತಳು.

"ನಂಗೆ ಇಲ್ಲಿ ನೆನಪು ಬರ್ತಿಲ್ಲ."

ಯಾರೂ ನಗಲಿಲ್ಲ. "ಬರಲಿ ತಡಿ, ಅಕ್ಕ. ನಾವೂ ನಿಲ್ತೇವೆ," ಎಂದಳು ಬಂಗಾರಿ. ಅವಳನ್ನು ದಾಟಿ ಹೋಗಲು ಒಬ್ಬಳೂ ಮುಂದಾಗಲಿಲ್ಲ. ಅಷ್ಟೂ ಜನ ನೀರಿನಲ್ಲಿ ಸುಮ್ಮನೆ ಕಾದರು. ಕಮಲಿ ಕಣ್ಣು ಮುಚ್ಚಿ, ಕಾಲಲ್ಲಿ ತಡವಿ, ಬಲಕ್ಕೆ ತಿರುಗಿದಳು. ಗಟ್ಟಿ ನೆಲ ಸಿಕ್ಕಿತು.

ಮನೆಗೆ ಬಂದಾಗ ಸುಬ್ಬ ಜಗಲಿಯಲ್ಲಿದ್ದ. "ಎಂತ ಆತು? ದಾರಿ ಸಿಕ್ತಾ?"

"ಸಿಕ್ತು. ಒಂದ್ಕಡೆ ಮರ್ತಿದ್ದೆ. ಮರ್ತೆ ಅಂತ ಎಲ್ಲರೆದುರಿಗೂ ಹೇಳ್ದೆ." ದಾರಿ ಮರೆಯುವುದೂ ತನಗೊಬ್ಬಳಿಗೇ ಬರುವ ವಿದ್ಯೆ ಎನ್ನುವ ಹಾಗಿತ್ತು ಅವಳ ಧಾಟಿ. ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು, ಗಂಡನನ್ನು ನೆಟ್ಟಗೆ ನೋಡಿದಳು.

"ಇನ್ನೊಂದು ಹೇಳೂದದೆ. ಅಷ್ಟು ವರ್ಷ ನಾ ಹೆದ್ರಿದ್ದೆ. ದಿನಾ ಹೆದ್ರಿದ್ದೆ."

ಸುಬ್ಬ ತಲೆ ಎತ್ತಲಿಲ್ಲ. ಕಮಲಿ ಎತ್ತಿದ ತಲೆಯನ್ನು ಇಳಿಸಲಿಲ್ಲ; ಹಾಗೆಯೇ ಬಳಚು ಬೇಯಿಸಲು ಒಳಗೆ ಹೋದಳು.