ಮೂಗಿನಲ್ಲಿ ಬಂದ ಹಾಲು

ಆದವಾನಿಯ ಹತ್ತಿಗಿರಣಿಯ ಕಾವಲುಗಾರ ದಸ್ತಗಿರಿ ಆ ನಾಯಿಮರಿಯನ್ನು ಹಳ್ಳಕ್ಕೆ ಎಸೆಯಲೆಂದು ಒಯ್ಯುತ್ತಿದ್ದ. ಹತ್ತಿ ಮೂಟೆಗಳ ಸಂದಿಯಲ್ಲಿ ಈದಿದ್ದ ನಾಯಿ ಉಳಿದ ಮರಿಗಳನ್ನು ಬಗಲಿಗೆ ಎಳೆದುಕೊಂಡು ಇದೊಂದನ್ನು ಮೂತಿಯಿಂದ ಆಚೆ ನೂಕಿತ್ತು. ಅಂಗಳದಲ್ಲಿ ಹತ್ತಿ ಹಸನು ಮಾಡುತ್ತಿದ್ದ ಕೂಲಿಯ ಪೀರಮ್ಮ ಅವನನ್ನು ತಡೆದಳು. ಸಾಕಬೇಕೆಂದೇನೂ ಅಲ್ಲ, ಸುಮ್ಮನೆ ನೋಡಲಿಕ್ಕೆ.

"ಇದರ ಬಾಯಾಗ ತೂತು ಐತವ್ವಾ. ಕುಡಿದದ್ದೆಲ್ಲ ಮೂಗಿಲೆ ಬರ್ತೈತಿ," ಎಂದ ದಸ್ತಗಿರಿ.

ಪೀರಮ್ಮ ಬೆರಳಿನಿಂದ ಅದರ ಬಾಯಿ ಬಿಡಿಸಿದಳು. ಮೇಲ್ದುಟಿ ಸೀಳಿತ್ತು, ಸೀಳು ಅಂಗುಳದುದ್ದಕ್ಕೂ ಹೋಗಿ ಮೂಗಿಗೆ ಕೂಡಿತ್ತು. ಅಂಥ ಬಾಯಿಯನ್ನು ಆಕೆ ಮೊದಲೂ ಕಂಡಿದ್ದಳು, ತನ್ನ ಮಡಿಲಲ್ಲೇ.

ಆಂಧ್ರ ರಾಜ್ಯವಾದ ಮೇಲೆ ಒಂದು ಮುಂಗಾರಿನಲ್ಲಿ ಸೂರ್ಯಗ್ರಹಣ ಹಿಡಿದಿತ್ತು. ಆಗ ಪೀರಮ್ಮ ಬಸುರಿ. ಬಸುರಿ ಹೆಂಗಸು ಗ್ರಹಣದಲ್ಲಿ ಏನನ್ನೂ ಕೊಯ್ಯಬಾರದೆಂದು ಅತ್ತೆ ಉಚ್ಚಮ್ಮ ಹೇಳಿಯೇ ಇದ್ದಳು. ಹಸಿವು ತಡೆಯಲಾಗದೆ ಇವಳು ಮೂಲೆಯಲ್ಲಿ ಕೂತು ರೊಟ್ಟಿಗೆ ಒಂದು ಉಳ್ಳಾಗಡ್ಡಿ ಹೆಚ್ಚಿಕೊಂಡಳು. ಅತ್ತೆ ಕಂಡಳು. ಹುಟ್ಟಿದ ಗಂಡುಕೂಸಿನ ತುಟಿ ಸೀಳಿದ್ದೇ ತಡ, ಇಡೀ ಓಣಿ ಆ ಉಳ್ಳಾಗಡ್ಡಿಯ ಕಡೆ ಬೆರಳು ಮಾಡಿತು. ಬೆರಳು ಮಾಡಲಿಕ್ಕೆ ಜನರಿಗೆ ಗಂಟೇನು ಹೋಗುತ್ತದೆ? ಕೂಸಿಗೆ ಕುಡಿಸಿದ ಹಾಲು ಮೂಗಿನಲ್ಲಿ ಬರುತ್ತಿತ್ತು, ಉಸಿರು ಕಟ್ಟಿ ಮೈ ನೀಲಿಯಾಗುತ್ತಿತ್ತು. ದೇವರು ಒಲ್ಲೆನೆಂದ ಜೀವಕ್ಕೆ ಕುಡಿಸಿ ಹಿಂಸೆ ಕೊಡಬೇಡವೆಂದು ಉಚ್ಚಮ್ಮ ಅಳುತ್ತಲೇ ಹೇಳಿದಳು. ಗಂಡ ಸುಂಕಣ್ಣ ಗೋಡೆಗೆ ಮುಖ ಮಾಡಿ ಕೂತ. ಪೀರಮ್ಮ ಕುಪ್ಪಸದ ಗಂಟು ಬಿಗಿದುಕೊಂಡಳು. ವಾರ ತುಂಬುವುದರೊಳಗೆ ಕೂಸಿನ ಅಳು ನಿಂತಿತು. ಅಂದಿನಿಂದ ಆಕೆ ಉಳ್ಳಾಗಡ್ಡಿ ಮುಟ್ಟಿರಲಿಲ್ಲ.

"ಅಣ್ಣಾ, ಇದರವ್ವ ಗ್ರಹಣದಾಗ ಏನು ಹೆಚ್ಚಿತ್ತು?" ಎಂದು ಕೇಳಿದಳು.

ಇವಳಿಗೆ ಬಿಸಿಲು ನೆತ್ತಿಗೇರಿತೇನೋ ಎಂಬಂತೆ ದಸ್ತಗಿರಿ ಅವಳ ಮುಖ ನೋಡಿದ. "ನಾಯಿ ಏನು ಹೆಚ್ಚತೈತವ್ವಾ?"

ಪೀರಮ್ಮ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಎದೆ ಹಗುರವಾಗಿತ್ತು. ಕೂಸಿನ ಬಾಯಿ ಸೀಳಿದ್ದು ತಾನಲ್ಲ. ಆ ಸಂಜೆ ಆಕೆ ಉಳ್ಳಾಗಡ್ಡಿ ಹೆಚ್ಚಿ, ಅತ್ತೆಯ ಕಣ್ಣೆದುರೇ ರೊಟ್ಟಿಗೆ ನಂಜಿಕೊಂಡು ಕರಕರ ತಿಂದಳು.

ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ಹತ್ತಿಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟಳು. ಹಾಲು ಮೂಗಿನಲ್ಲಿ ಬಂತು, ಮರಿ ಸೀನಿತು, ಉಸಿರಿಗೆ ಒದ್ದಾಡಿತು. ಉಚ್ಚಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು.

"ಬಿಡು ತಂಗಿ, ಸುಮ್ಕ ಬಿಡು. ಕುಡಿಸಿ ಕುಡಿಸಿ ಅದಕ್ಯಾಕ ಹಿಂಸಿ ಕೊಡ್ತಿ?"

ಅವೇ ಮಾತುಗಳು, ಅದೇ ದನಿ. ಈ ಮರಿ ಸತ್ತರೆ ಒಳ್ಳೆಯದು ಎಂದು ಪೀರಮ್ಮನ ಮನಸ್ಸಿಗೆ ಬಂದದ್ದು ಆಗಲೇ. ಇದು ಸತ್ತರೆ ಅತ್ತೆಯ ಮಾತು ನಿಜ, ಇಂಥ ಬಾಯಿಯ ಜೀವವನ್ನು ಯಾರೂ ಉಳಿಸಲಾರರು, ತನ್ನ ಕೂಸನ್ನೂ ಉಳಿಸಲಾಗುತ್ತಿರಲಿಲ್ಲ. ಬದುಕಿದರೆ? ಅದನ್ನು ನೆನೆಯಲಿಕ್ಕೇ ಹೆದರಿದಳು. ಆದರೆ ಕೈ ಮನಸ್ಸಿನ ಮಾತು ಕೇಳಲಿಲ್ಲ. ಮಲಗಿಸಿ ಕುಡಿಸುವುದನ್ನು ಬಿಟ್ಟು ಮರಿಯನ್ನು ನೆಟ್ಟಗೆ ಎತ್ತಿ ಹಿಡಿದಳು. ಬತ್ತಿಯನ್ನು ನಡುಬಾಯಿಗೆ ಇಡದೆ ದವಡೆಯ ಪಕ್ಕಕ್ಕೆ ಇಟ್ಟು ಒಂದೊಂದೇ ಹನಿ ಹಿಂಡಿದಳು. ಒಂದು ಹನಿ ನುಂಗಿದ ಮೇಲೆ ಇನ್ನೊಂದು.

ಹಾಲು ಮೂಗಿಗೆ ಬರಲಿಲ್ಲ. ಹೊಟ್ಟೆಗೆ ಇಳಿಯಿತು.

ಇಷ್ಟೇ. ಎತ್ತಿ ಹಿಡಿಯುವುದು, ನಿಧಾನಕ್ಕೆ ಹನಿಸುವುದು, ಬೇಸರವಿಲ್ಲದೆ ಕಾಯುವುದು. ಇದಕ್ಕೆ ವೈದ್ಯನೂ ಬೇಕಿರಲಿಲ್ಲ, ಮಂತ್ರವೂ ಬೇಕಿರಲಿಲ್ಲ. ಪೀರಮ್ಮನಿಗೆ ಸಂತೋಷವಾಗಲಿಲ್ಲ. ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಮೇಲೆ ಹಟ ಹಿಡಿದವಳಂತೆ ಸಾಕಿದಳು. ಕೂಲಿಗೆ ಹೋದಾಗ ಬುಟ್ಟಿಯಲ್ಲಿಟ್ಟು ಗಿರಣಿಗೂ ಒಯ್ದಳು. ಹಲ್ಲು ಬಂದ ಮೇಲೆ ಒಣರೊಟ್ಟಿಯ ಚೂರು ಹಾಕಿ ನೋಡಿದಳು. ಹಾಲಿಗಿಂತ ಅದೇ ಸಲೀಸಾಗಿ ಇಳಿಯಿತು. ಸೀಳುತುಟಿಯ ಮರಿ ದಷ್ಟಪುಷ್ಟವಾಗಿ ಬೆಳೆದು ಓಣಿಯ ಕೋಳಿಗಳನ್ನೆಲ್ಲ ಅಟ್ಟಾಡಿಸತೊಡಗಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಉಚ್ಚಮ್ಮ. ಬೇಡವೆಂದವಳೇ ಈಗ ಬಂದವರಿಗೆಲ್ಲ ನಾಯಿಯ ಬಾಯಿ ಬಿಡಿಸಿ ತೋರಿಸುತ್ತಿದ್ದಳು.

ಒಂದು ಮುಂಜಾನೆ ನೀರಿಗೆ ಹೊರಟ ಹೆಂಗಸರನ್ನು ನಿಲ್ಲಿಸಿಕೊಂಡು ಮತ್ತೆ ಅದೇ ಪುರಾಣ ತೆಗೆದಳು. ಪೀರಮ್ಮ ಕಟ್ಟೆಯ ಮೇಲೆ ಕೂತು ನಾಯಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು.

"ಸಾಯೋ ಜೀವಾನ ಬದುಕಿಸ್ಯಾಳ ನಮ್ಮ ಸೊಸಿ," ಎಂದಳು ಉಚ್ಚಮ್ಮ. "ಇಂಥಾ ಕೈ ಯಾರಿಗೈತಿ ಹೇಳ್ರಿ."

ಪೀರಮ್ಮ ತಲೆ ಎತ್ತಲಿಲ್ಲ.

"ನನ್ನ ಕೂಸೂ ಸಾಯೋ ಜೀವ ಆಗಿದ್ದಿಲ್ಲ, ಅತ್ತಿ. ಅದು ಹಸಿದಿತ್ತು. ನಾವು ಉಣಿಸೋದು ಬಿಟ್ವಿ."

ಹೆಂಗಸರು ಕೊಡ ಎತ್ತಿಕೊಂಡು ಹೋದರು. ಉಚ್ಚಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ನಾಯಿ ಇನ್ನೂ ಬೇಕೆಂದು ಬಾಲ ಆಡಿಸುತ್ತ ಪೀರಮ್ಮನ ಮೊಣಕಾಲಿಗೆ ಮೂತಿ ಒತ್ತಿತು. ಅದರ ಮೇಲೆ ಅವಳಿಗೆ ಜೀವದಷ್ಟು ಪ್ರೀತಿ ಇತ್ತು, ಅದು ನುಂಗುವುದನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಇನ್ನೊಂದು ಚೂರು ಹಾಕಿ ಮುಖ ಆಚೆ ತಿರುಗಿಸಿಕೊಂಡಳು.