ಹೊಳೆ, ಗುಡ್ಡ, ಕಲ್ಲು

ಸಾವಿತ್ರವ್ವನಿಗೆ ನಾಲ್ಕನೆಯ ಸಲ ಓದಿ ಹೇಳುವಷ್ಟರಲ್ಲಿ ಗುರುಲಿಂಗಪ್ಪ ಮಾಸ್ತರರ ಗಂಟಲು ಒಣಗಿತ್ತು. ಬೆಳಗಿನಿಂದ ಮೂವತ್ತೊಂದು ಮಕ್ಕಳಿಗೆ ಅದೇ ಹತ್ತು ಶಬ್ದ ಓದಿ, ನೆನಪಿನಿಂದ ತಿರುಗಿ ಹೇಳಿಸಿದ್ದರು: ದೀಪ, ಹೊಳೆ, ಕುದುರೆ, ಗುಡ್ಡ, ಬಾಗಿಲು, ಉಪ್ಪು, ಕಲ್ಲು, ಹಗ್ಗ, ಮೋಡ, ಕನ್ನಡಿ. ಯುದ್ಧದಿಂದ ಕಾಗದ ತುಟ್ಟಿಯಾಗಿ, ಹಳೆಯ ಹಾಜರಿ ಪಟ್ಟಿಯ ಬೆನ್ನಿಗೇ ಅಂಕ ಬರೆಯುತ್ತಿದ್ದರು. ಮನಶ್ಶಾಸ್ತ್ರ ಓದಿ ಗೋಕಾಕದ ಈ ಹಾಯಸ್ಕೂಲಿಗೆ ಬಂದಾಗ, ಇಂಥ ಪರೀಕ್ಷೆಗಳಿಂದ ಮನುಷ್ಯನ ತಲೆಯೊಳಗೆ ಇಳಿಯಬಹುದೆಂದು ನಂಬಿದ್ದರು. ಈಗ ಒಂದು ಕಪ್ ಚಹಾ ಸಿಕ್ಕರೆ ಸಾಕಾಗಿತ್ತು.

ಸಾವಿತ್ರವ್ವ ಈ ಸಲವೂ ಏಳೇ ಹೇಳಿ ನಿಂತಳು. ತಲೆ ಚುರುಕೆನ್ನಲು ಎಂಟಾದರೂ ಬೇಕಿತ್ತು. ಮೇಲವಂಕಿಯಿಂದ ಬಂದ ಅವಳ ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಸೊಸೆಯ ತಲೆ ಚುರುಕೆಂದು ಮಾಸ್ತರರು ಹೇಳಿದರೆ ಮ್ಯಾಟ್ರಿಕ್ ತನಕ ಓದಲಿ, ಇಲ್ಲದಿದ್ದರೆ ಈ ತಿಂಗಳೇ ಮನೆ ತುಂಬಿಸಿಕೊಳ್ಳುತ್ತೇವೆ ಎಂಬುದು ಅವನ ಕರಾರು.

ಅವಳು ಬಿಟ್ಟದ್ದು ಪ್ರತಿಸಲವೂ ಅದೇ ಮೂರು: ಹೊಳೆ, ಗುಡ್ಡ, ಕಲ್ಲು. ನೋವಾದದ್ದನ್ನು ಮನಸ್ಸು ಬಚ್ಚಿಡುತ್ತದೆಂದು ಮಾಸ್ತರರು ಓದಿದ್ದರು.

“ಸಣ್ಣಾಕಿದ್ದಾಗ ಹೊಳ್ಯಾಗ ಬಿದ್ದಿದ್ದೇನವಾ?”

“ಇಲ್ರಿ.”

“ಗುಡ್ಡದ ಮ್ಯಾಲಿಂದ?”

ಪರೀಕ್ಷೆ ಮುಗಿಸಿ ಹಿಂದಿನ ಬೆಂಚಿನಲ್ಲಿ ಕೂತಿದ್ದ ಫಕೀರವ್ವ ಕಿಸಕ್ಕನೆ ನಕ್ಕಳು. “ಆಕಿ ಎಲ್ಲೀನೂ ಬಿದ್ದಿಲ್ರಿ ಮಾಸ್ತರ, ಆ ಮನ್ಯಾಗ ಬಿದ್ದಾಳ್ರಿ. ಮಾಂವ ಹೊಳೆಪ್ಪ, ಅತ್ತಿ ಗುಡ್ಡವ್ವ, ಗಂಡ ಕಲ್ಲಪ್ಪ. ಆ ಹೆಸರ ಬಾಯಾಗ ಹೆಂಗ ತರ್ತಾಳ್ರಿ?”

ಸಾವಿತ್ರವ್ವ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ಮಾಸ್ತರರಿಗೆ ನಗಬೇಕೆನಿಸಿತು, ನಗುವಷ್ಟು ತ್ರಾಣವಿರಲಿಲ್ಲ.

ಹೊಳೆಪ್ಪನನ್ನು ಒಳಗೆ ಕರೆದು ಪರೀಕ್ಷೆಯನ್ನೆಲ್ಲ ವಿವರಿಸಿದರು. “ನಿಮ್ಮ ಸೊಸಿ ಏನೂ ಮರತಿಲ್ರಿ. ಹತ್ತೂ ನೆನಪ ಅದಾವ. ನಿಮ್ಮ ಮರ್ಯಾದಿಗಂತ ಮೂರ ಬಿಟ್ಟಾಳ.”

ಹೊಳೆಪ್ಪನ ಮುಖ ಅರಳಿತು. ಹೆಗಲ ಕಂಬಳಿಯನ್ನು ಸರಿಪಡಿಸಿಕೊಂಡ. “ಹೊಳಿ ಅನ್ನಾಕ ಸೈತ ಅಂಜತಾಳ? ಭಲೇ! ಇಷ್ಟ ಮರ್ಯಾದಿ ಕಲ್ತಾಳಂದ ಮ್ಯಾಲ ಸಾಲ್ಯಾಗ ಇನ್ನೇನ ಕಲಿಯೂದ ಉಳದೈತ್ರಿ? ನಡಿಯವಾ, ನಿಮ್ಮಪ್ಪಗ ಹೇಳಿ ಇದ ವಾರ ಕರ್ಕೊಂಡ ಹೋಗ್ತೀವಿ.”

“ನಿಮ್ಮ ಕರಾರು ಅದಲ್ರಿ. ತಲಿ ಚುರುಕಿದ್ರ ಓದಸ್ತೀವಿ ಅಂದಿದ್ರಿ.”

“ಚುರುಕ ಐತಿ ಅಂತ ನೀವ ಅಂದ್ರಲ್ಲ. ಅಂಥಾಕಿ ನಮ್ಮನ್ಯಾಗ ಇರ್ಲಿ.”

ಮಾಸ್ತರರು ಕುರ್ಚಿಗೆ ಕುಸಿದರು. ಏನು ಹೇಳಿದರೂ ಅವನ ಕಡೆಗೇ ವಾಲುತ್ತಿತ್ತು.

ಆಗ ಸಾವಿತ್ರವ್ವ ಸೆರಗು ಬಿಟ್ಟಳು. ಕಣ್ಣು ನೆಲದ ಮೇಲೆಯೇ ಇತ್ತು.

“ಹೊಳಿ,” ಎಂದಳು.

ಫಕೀರವ್ವನ ನಗೆ ನಿಂತಿತು.

“ಗುಡ್ಡ.”

ಮೂರನೆಯದು ಗಂಡನದು. ಅದನ್ನೂ ಹೇಳಿದಳು: “ಕಲ್ಲ.”

ಹೊಳೆಪ್ಪನ ಮುಖದ ಗೆಲವು ಇಳಿದುಹೋಯಿತು.

“ಓದ್ಲಿ ಬಿಡ್ರಿ,” ಎಂದು ಗೊಣಗಿದ. “ಈಕಿ ಕಲಿಯೂದ ಇನ್ನೂ ಭಾಳ ಐತಿ.”

ಅವನ ಚಪ್ಪಲಿಯ ಸದ್ದು ಅಂಗಳ ದಾಟಿತು. ಮಾಸ್ತರರು ಪಟ್ಟಿಯ ಬೆನ್ನಿಗೆ ಹತ್ತು ಎಂದು ಬರೆದು, ಸಾವಿತ್ರವ್ವನಿಗೆ ಕೂಡ್ರಲು ಸನ್ನೆ ಮಾಡಿ, ಮೂವತ್ತೆರಡನೆಯ ಹೆಸರು ಕರೆದರು.